ಮಂಗಳ ಹಾಡದ ಸಿನಿಮಾ

ಹಲೋ… ಯಾರು ಮಾತಾಡ್ತಿರೋದು? ಕಾದಂಬರಿ ಬರೆಯೋ ಲಕ್ಷ್ಮೀದೇವಮ್ಮನೋರಾ? … ಸದ್ಯ! ಅಮ್ಮಾ, ನಾನು ವೆಂಕಟರಾಯಪ್ಪ. ನಿಮ್ಮ ಪುಟ್ಟ ಕಾದಂಬರೀನ ಸಿನಿಮಾ ಮಾಡ್ತಾ ಅವ್ರಲ್ಲ, ಆ ಕಂಪನಿ ಮ್ಯಾನೇಜರು. ದೇವನಹಳ್ಳಿ ಬಂಗ್ಲೆಯಿಂದ.

…

ಹಾಂ, ಶೂಟಿಂಗು ನಿಂತೋಯ್ತು. ಡೈರೆಕ್ಟ್ರನ್ನ ಕಡಿದಾಕ್ಬಿಟ್ಟ ಅಮ್ಮಾ, ಮಚ್ಚಲ್ಲಿ… ನಮ್ಮ ಹೀರೋನೇ, ಕುಂದಾಣದ ಪಿಳ್ಳಣ್ಣ. ಊರ ನಾಟಕದಲ್ಲಿ ರಾಕ್ಷಸನ ಪಾರ್ಟು ಮಾಡೋನು. ನಾನೇ ಕರ್ಕೊಂಡ್ಬಂದಿದ್ದು.

…

ಕುಡಿದಿಲ್ಲ, ಕೇಳಿ! ನಿಮ್ಮ ಕತೇಲಿ ಗಂಡ, ಇವಳು ನನ್ನ ಹೆಂಡ್ತಿ ಅಲ್ಲ, ಅವಳ ರೂಪ ಹೊತ್ಕೊಂಡು ಬಂದೋಳು ಅಂತ ಕಡೀತಾನಲ್ವಾ? ಆ ಕೊಲೆ ಸೀನು ಮೊದಲ್ನೇ ದಿನವೇ ತೆಗೆದ್ರು. ನಮ್ಮ ಕಡೆ ನಾಟಕದ ಕೊನೇಲಿ ಮಂಗಳ ಹಾಡೋಗಂಟ ರಾಕ್ಷಸನ ಬಣ್ಣ ಒರೆಸೋಂಗಿಲ್ಲ, ಪಾರ್ಟು ಮೈಯಿಂದ ಇಳಿಯಲ್ಲ. ಸಿನಿಮಾ ಬಣ್ಣಕ್ಕೂ ಹಂಗೇ ಅಂದ್ಕೊಂಡು ಇವನು ದಿನಾ ಸಂಜೆ ‘ಆಟ ಮುಗೀತಾ ಸ್ವಾಮಿ?’ ಅನ್ನೋನು. ಡೈರೆಕ್ಟ್ರು ‘ಇನ್ನೂ ಇದೆ, ನಾಳೆ ಬಾ’ ಅನ್ನೋರು. ಆ ಬಣ್ಣದಲ್ಲೇ ಉಂಡ, ಆ ಬಣ್ಣದಲ್ಲೇ ಮಲಗ್ದ.

ಇವತ್ತು ಅವನ ಹೆಂಡ್ತಿ ಕದಿರಮ್ಮ ಬುತ್ತಿ ತಂದ್ಲು. ‘ನೀನ್ಯಾರೇ?’ ಅಂದ. ನಕ್ಕಳು, ಪಾಪ. ಮಚ್ಚನ್ನ ಅವಳ ಭುಜಕ್ಕೇ ಹಾಕ್ದ. ಬಿಡಿಸೋಕೆ ಹೋಗಿ ಡೈರೆಕ್ಟ್ರು ಸತ್ರು.

…

ಕದಿರಮ್ಮ ಇಲ್ಲೇ ಅವಳೆ, ಮೇಜಿನ ಕೆಳಗೆ. ಎಳ್ಕೊಂಡ್ಬಂದು ಬಾಗಿಲು ಹಾಕ್ಕೊಂಡಿದೀನಿ. ಉಸಿರೈತೆ. ನನ್ನ ಪಂಚೆಯೆಲ್ಲ ಅವಳ ರಕ್ತ. ಅವಳನ್ನ ಮುಗಿಸ್ಬೇಕು ಅಂತ ಬಾಗಿಲು ಕಡೀತಾವ್ನೆ, ಕೇಳಿಸ್ತಾ? … ಪೊಲೀಸರಿಗೆ ಹೇಳಿ ಕಳಿಸಿದೀನಿ. ಅವರು ಬರೋ ಹೊತ್ಗೆ ಬಾಗಿಲು ಇರಲ್ಲ ಅಮ್ಮಾ!

…

ಹಾಡ್ದೆ! ಗಂಟ್ಲು ಹರಿಯೋಂಗೆ ಮಂಗಳ ಹಾಡ್ದೆ! ನಿಂದು ಲೆಕ್ಕಕ್ಕಿಲ್ಲ, ಕತೆ ಕಟ್ಟಿದೋರೇ ಹಾಡಿ ಮುಗಿಸ್ಬೇಕು ಅಂತಾವ್ನೆ. ಅದಕ್ಕೇ ನಿಮಗೆ ಫೋನು ಮಾಡಿದ್ದು. … ಯಾವ್ದಾದ್ರೂ ಸರಿ, ಆರತಿ ಎತ್ತುವಾಗ ಮನೇಲಿ ಹಾಡ್ತೀರಲ್ಲ, ಅದೇ! ನಾಚ್ಕೊಳ್ಳೋ ಹೊತ್ತಾ ಇದು? ಜೋರಾಗಿ!

…

ಪಿಳ್ಳಣ್ಣಾ! ಲೇ, ಬಾಗಿಲು ಸಂದೀಲಿ ಫೋನು ಹಿಡಿದಿದೀನಿ, ಕಿವಿ ಕೊಡೋ! ಕತೆ ಬರೆದ ತಾಯಿ ಹಾಡ್ತಾ ಅವ್ರೆ!

…

ನಿಂತ ಅಮ್ಮಾ… ಮಚ್ಚು ಇಳಿಸ್ದ. ಕೆನ್ನೆ ಮೇಲಿನ ಬಣ್ಣ ಒರೆಸ್ಕೊತಾವ್ನೆ… ಕದಿರೀ ಅಂತ ಕರೀತಾವ್ನೆ, ಅಳ್ತಾವ್ನೆ. ನಿಲ್ಲಿಸ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ…

…

ಯಾರ್ರೀ ಅದು ಮಧ್ಯದಲ್ಲಿ? ಎಕ್ಸ್‌ಚೇಂಜಾ? … ಟ್ರಂಕ್ ಕಾಲ್ ಟೈಮು ಮುಗಿದ್ರೆ ಮುಗೀಲಿ, ಲೈನು ತೆಗೀಬೇಡಿ, ಇನ್ನೊಂದೇ ಚರಣ— ಹಲೋ? … ಹಲೋ?

…

ಇಲ್ಲ ಕಣೋ ಪಿಳ್ಳಣ್ಣಾ, ನಿಂತಿಲ್ಲ, ಹಾಡ್ತಾನೇ ಅವ್ರೆ. ನಿಂಗೆ ಕೇಳಿಸ್ತಿಲ್ಲ ಅಷ್ಟೇ… ಮಚ್ಚು ಎತ್ತಬ್ಯಾಡ ಕಣೋ, ಪಿಳ್ಳಣ್ಣಾ—