ಮೂರನೆಯ ತೋಳಿನ ಬಳಿ ಹನ್ನೊಂದು ನಿಮಿಷ

ಹೆಸರು: ನ್ಯಿಪಾ ಅನಾಕ್ ಮುಜಾ
ವಯಸ್ಸು: 51 ವರ್ಷ
ಉದ್ಯೋಗ: ದ್ರವ ಅನಿಲ ಜೆಟ್ಟಿಯಲ್ಲಿ ಪಾಳಿ ಮೇಲ್ವಿಚಾರಕ
ವಾಸ: ಮನೆ ನಂ. 14, ಕಂಪುಂಗ್ ಸೆರಾಯ್ ಹಿಲಿರ್, ತಂಜುಂಗ್ ಸೆರಾಯ್, ಸರವಾಕ್

ಮೇಲ್ಕಂಡ ನಾನು ತಂಜುಂಗ್ ಸೆರಾಯ್ ಠಾಣೆಯ ಇನ್ಸ್‌ಪೆಕ್ಟರ್ ಲಾವ್ ಅವರ ಎದುರು ಕುಳಿತು, ಯಾರೂ ಕರೆಸದೆ ನಾನಾಗಿಯೇ ಬಂದು ಹೇಳಿ ಬರೆಸುತ್ತಿರುವುದು ಹೀಗಿದೆ.

ನಾನು ಈ ಜೆಟ್ಟಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಗಾಯಗೊಂಡಿರುವ ಕಿಲಾತ್ ಅನಾಕ್ ಸಂಗ್ಗಾವ್, 34 ವರ್ಷ, ನನ್ನ ಹೆಂಡತಿ ಲೆಮಿಯಾಳ ತಮ್ಮ. ನನ್ನ ಪಾಳಿಯಲ್ಲೇ ಕೆಲಸಕ್ಕಿದ್ದಾನೆ. ಕೆಲಸಕ್ಕೆ ಸೇರಿಸಿದವನೂ ನಾನೇ. ಅವನು ಅಜಾಗರೂಕತೆಯಿಂದ ಕೈಗವಸು ತೆಗೆದ ಕಾರಣ ಅಪಘಾತವಾಯಿತು ಎಂದು ಕಂಪನಿಯವರು ಠಾಣೆಗೆ ಬರೆದುಕೊಟ್ಟಿದ್ದಾರೆಂದು ತಿಳಿಯಿತು. ಅದಕ್ಕಾಗಿ ಬಂದಿದ್ದೇನೆ.

ಮೇ 29ರಂದು ಬೆಳಗಿನ ಪಾಳಿ ನಮ್ಮದು. ಹಿಂದಿನ ದಿನ ಬಂದ ಜಪಾನಿನ ಹಡಗಿಗೆ ಅನಿಲ ತುಂಬುವ ಕೆಲಸ ಮುಗಿಯುವ ಹಂತದಲ್ಲಿತ್ತು. ತುಂಬಲು ಶುರು ಮಾಡುವುದಕ್ಕಿಂತ ಮುಗಿಸುವುದು ಕಷ್ಟ, ಇದು ಜೆಟ್ಟಿಯಲ್ಲಿ ಎಲ್ಲರಿಗೂ ಗೊತ್ತು. ಟ್ಯಾಂಕು ತುಂಬುತ್ತ ಬಂದಂತೆ ಹಡಗಿನವರು ನಿಧಾನ ಮಾಡಿ ಎನ್ನುತ್ತಾರೆ, ನಾವು ಒಂದೊಂದೇ ಪಂಪು ನಿಲ್ಲಿಸುತ್ತೇವೆ. ಎಲ್ಲ ನಿಂತ ಮೇಲೂ ದಡದಿಂದ ಹಡಗಿಗೆ ಚಾಚಿಕೊಂಡಿರುವ ಮೂರು ಉಕ್ಕಿನ ತೋಳುಗಳ ಒಳಗೆ ದ್ರವ ಉಳಿದಿರುತ್ತದೆ. ನೈಟ್ರೋಜನ್ ಊದಿ ಅದನ್ನು ಹಡಗಿನ ಕಡೆಗೆ ತಳ್ಳಬೇಕು. ಒಂದು ಹನಿಯೂ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆಯೇ ತೋಳು ಬಿಚ್ಚುವುದು. ಆ ದ್ರವ ಸೊನ್ನೆಗಿಂತ ನೂರ ಅರವತ್ತೆರಡು ಡಿಗ್ರಿ ಕೆಳಗಿರುತ್ತದೆ. ಮಾಮೂಲಿ ಉಕ್ಕಿನ ಮೇಲೆ ಬಿದ್ದರೆ ಉಕ್ಕು ಗಾಜಿನಂತೆ ಸೀಳುತ್ತದೆ, ಅನಿಲವಾಗಿ ಹರಡಿದರೆ ಒಂದು ಕಿಡಿ ಸಾಕು.

ಮಧ್ಯಾಹ್ನ 2.10ಕ್ಕೆ ಕೊನೆಯ ಪಂಪು ನಿಂತಿತು. 2.45ರ ಹೊತ್ತಿಗೆ ಎರಡು ತೋಳುಗಳು ಖಾಲಿಯಾಗಿದ್ದವು. ಮೂರನೆಯದರ ಬಳಿ ಕಿಲಾತ್ ಇದ್ದ. ಖಾಲಿ ಮಾಡುವಾಗ ಅಲ್ಲಿರುವವನು ಜಾಗ ಬಿಟ್ಟು ಕದಲುವ ಹಾಗಿಲ್ಲ. ಅಂದು ಜೆಟ್ಟಿಯ ಮೇಲೆ ಇದ್ದ ಇನ್ನೊಬ್ಬ ಆಳು ಹಡಗಿನ ಹಗ್ಗ ನೋಡಿಕೊಳ್ಳುತ್ತಿದ್ದ. ನಾನು ನಲವತ್ತು ಮೀಟರ್ ದೂರದ ಕ್ಯಾಬಿನ್ನಿನಲ್ಲಿ ಊಟಕ್ಕೆ ಕುಳಿತಿದ್ದೆ.

ನಮ್ಮ ಸುಗ್ಗಿಯ ಗವಾಯ್ ಹಬ್ಬಕ್ಕೆ ಮೂರು ದಿನ ಇತ್ತು. ಲೆಮಿಯಾ ಈ ವರ್ಷದ ಮೊದಲ ಪೆನ್ಯಾರಂ ಕರಿದು ಡಬ್ಬಿಗೆ ತುಂಬಿಕೊಟ್ಟಿದ್ದಳು. ಅಕ್ಕಿಹಿಟ್ಟು ಬೆಲ್ಲದ ಕಜ್ಜಾಯ ಅದು, ಕಿಲಾತನಿಗೆ ಪ್ರಾಣ. ನಾನು ಒಂದನ್ನು ಬಾಯಿಗೆ ಹಾಕಿಕೊಂಡೇ, ಕೆಲಸ ಎಲ್ಲಿಗೆ ಬಂತು ಎಂದು ವಾಕಿಟಾಕಿಯಲ್ಲಿ ಕಿಲಾತನನ್ನು ಕೇಳಿದೆ. ಅವನ ಮಾತನ್ನು ಅವನ ಬಾಯಲ್ಲಿ ಬಂದ ಹಾಗೆಯೇ ಬರೆಯಬೇಕೆಂದು ಇನ್ಸ್‌ಪೆಕ್ಟರ್ ಅವರನ್ನು ಕೇಳಿಕೊಂಡಿದ್ದೇನೆ.

"ಏನ್ ಭಾವ, ಬಾಯ್ತುಂಬ ಏನೋ ಇಟ್ಕೊಂಡು ಮಾತಾಡ್ತಿದ್ದೀರ? ಅಕ್ಕ ಏನ್ ಕಳಿಸಿದ್ಲು?"

"ಪೆನ್ಯಾರಂ ಕಣೋ. ನಿಂಗೂ ಇದೆ, ಮುಗಿಸ್ಕೊಂಡು ಬಾ."

ಕಿಲಾತ್, "ಹೇಳ್ಬಾರ್ದಿತ್ತು ಭಾವ ನೀವು. ಈಗ ನಾನ್ ಮುಟ್ದೆ ಇರೋ ಹಾಗಿಲ್ಲ," ಎಂದ.

ಅವನು ಹೇಳಿದ ಮೇಲೆಯೇ ನನಗೆ ಹೊಳೆದದ್ದು. ತಿನ್ನುವ ಪದಾರ್ಥವನ್ನು ಒಬ್ಬನ ಹೆಸರಿಗೆ ಹೇಳಿಬಿಟ್ಟರೆ ಅವನು ತಿನ್ನಬೇಕು. ತಿನ್ನಲು ಆಗದಿದ್ದರೆ ಬೆರಳಿನಿಂದ ಮುಟ್ಟಿ ತುಟಿಗಾದರೂ ಸೋಕಿಸಬೇಕು. ಹಾಗೆ ಮಾಡದೆ ಕೆಲಸಕ್ಕೆ ಕೈ ಹಾಕಿದರೆ ಅವನಿಗೆ ಪುನಿ ತಗಲುತ್ತದೆ, ಅಪಾಯ ಹುಡುಕಿಕೊಂಡು ಬರುತ್ತದೆ. ಇದು ನಮ್ಮ ಇಬಾನ್ ಬುಡಕಟ್ಟಿನವರು ಒಂದೇ ಸೂರಿನಡಿ ಸಾಲಾಗಿ ಬಾಳುವ ಉದ್ದಮನೆಗಳಲ್ಲಿ ಹಾಲು ಕುಡಿಯುವ ಮಗುವಿಗೂ ಕಲಿಸುವ ಮಾತು. ನನ್ನ ಚಿಕ್ಕಪ್ಪನ ಮಗ ಕಾಫಿ ಮುಟ್ಟದೆ ದೋಣಿ ಹತ್ತಿದ್ದಕ್ಕೆ ಮೊಸಳೆ ಹಿಡಿಯಿತು ಎಂದು ನಾವೆಲ್ಲ ನಂಬಿದ್ದೇವೆ. ನಂಬದವರೂ ಮುಟ್ಟಿಯೇ ಹೊರಡುತ್ತಾರೆ.

ಕಂಟ್ರೋಲ್ ರೂಮಿನ ದಾಯಂಗ್ ಸಫಿಯಾ ನಮ್ಮ ಮಾತು ಕೇಳಿಸಿಕೊಂಡು, "ನ್ಯಿಪಾ ಅಣ್ಣ, ನಮ್ಮ ಪಾಲಿಂದೂ ತೆಗೆದಿಡಿ, ಇಲ್ಲಾಂದ್ರೆ ನಾವೂ ಹೊಟ್ಟೆ ಹಿಡ್ಕೊಂಡು ಬೀಳ್ತೀವಿ," ಎಂದು ನಕ್ಕಳು. ನಾನೂ ನಕ್ಕೆ.

ಜೆಟ್ಟಿಯ ತುದಿಗೆ ತಿಂಡಿ ಒಯ್ಯಬಾರದು ಎಂಬ ನಿಯಮವಿದೆ. ಅದನ್ನು ಬೇರೆಯವರಿಗೆ ಓದಿ ಹೇಳುವವನು ನಾನೇ. ಆದರೂ ಡಬ್ಬಿ ಹಿಡಿದುಕೊಂಡು ಹೋದೆ. ಹೆಂಡತಿಯ ತಮ್ಮನನ್ನು ಆ ಹೊತ್ತಿನಲ್ಲಿ ಪುನಿಯ ಕೆಳಗೆ ನಿಲ್ಲಿಸಿ ಕ್ಯಾಬಿನ್ನಿನಲ್ಲಿ ಕೂರುವುದು ನನ್ನಿಂದ ಆಗಲಿಲ್ಲ.

ನಾನು ತಲುಪಿದಾಗ 2.55 ಇರಬಹುದು. ಮೂರನೆಯ ತೋಳಿನ ಮೇಲೆ ಬೆರಳು ದಪ್ಪದ ಮಂಜು ಕಟ್ಟಿತ್ತು. ತೋಳಿನ ಕೆಳಭಾಗದಲ್ಲಿ ದ್ರವ ಉಳಿದಿದೆಯೇ ಎಂದು ನೋಡಲು ಒಂದು ಸಣ್ಣ ವಾಲ್ವ್ ಇದೆ. ಕಿಲಾತ್ ಅದರ ಪಕ್ಕದಲ್ಲಿ ನಿಂತಿದ್ದ. ನಾನು ಮುಚ್ಚಳ ತೆಗೆದು ಡಬ್ಬಿಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದೆ. ಅವನು ಬಲಗೈಯ ಕೈಗವಸು ಕಳಚಿ ಕಂಕುಳಲ್ಲಿ ಸಿಕ್ಕಿಸಿಕೊಂಡ. ಅದು ಮೊಣಕೈವರೆಗೆ ಬರುವ ದಪ್ಪ ಚರ್ಮದ್ದು. ಅದನ್ನು ಹಾಕಿಕೊಂಡು ಮುಟ್ಟಿದರೆ ಮುಟ್ಟಿದಂತಲ್ಲ. ಅವನು ಮೇಲಿನ ಪೆನ್ಯಾರಂ ಅನ್ನು ತೋರುಬೆರಳಿನಿಂದ ಮುಟ್ಟಿ ತುಟಿಗೆ ಒತ್ತಿಕೊಂಡ. "ಮುಗೀತು ಭಾವ, ಇನ್ನ್ ಹೋಗಿ, ಯಾರಾದ್ರೂ ನೋಡ್ಯಾರು," ಎಂದ.

ಆ ಮಾತು ಮುಗಿಯುವಷ್ಟರಲ್ಲಿ ನೈಟ್ರೋಜನ್ನಿನ ಒತ್ತಡ ತೋಳಿಗೆ ಬಂದಿತು. ಆ ಸಣ್ಣ ವಾಲ್ವ್ ಪೂರ್ತಿ ಮುಚ್ಚಿರಲಿಲ್ಲ ಎಂದು ಕಾಣುತ್ತದೆ, ಅದರ ಬಾಯಿಯಿಂದ ಬುಸ್ ಎಂದು ಬಿಳಿ ಎಳೆ ಚಿಮ್ಮಿತು. ಬಿದ್ದ ಕಡೆಯೆಲ್ಲ ಹೊಗೆ ಎದ್ದಿತು. ಕಿಲಾತ್ ತಿರುಗಿದ ರಭಸಕ್ಕೆ ಕೈಗವಸು ಕಂಕುಳಿನಿಂದ ಜಾರಿ ಕಾಲಡಿಯ ಕಬ್ಬಿಣದ ಜಾಲರಿಯ ಅಂಚಿನಿಂದ ಸಮುದ್ರಕ್ಕೆ ಬಿತ್ತು. ನನ್ನ ಎರಡೂ ಕೈಯಲ್ಲಿ ಡಬ್ಬಿ ಇತ್ತು. ಅದನ್ನು ಬಿಸಾಡಬೇಕು ಎಂದು ನನಗೆ ತೋಚುವ ಮೊದಲೇ ಅವನು ಬರಿಗೈಯಲ್ಲಿ ವಾಲ್ವಿನ ಹಿಡಿ ಹಿಡಿದು ತಿರುಗಿಸಿದ. ಕಾಲು ಸುತ್ತು ಬೇಕಾಗಿತ್ತು, ಅಷ್ಟು ತಿರುಗಿತು. ಬುಸುಗುಟ್ಟುವುದು ನಿಂತಿತು.

ಆದರೆ ಅವನ ಕೈ ಹಿಡಿಗೆ ಅಂಟಿಕೊಂಡಿತ್ತು. ಅಂಗೈ, ಬೆರಳು, ಎಲ್ಲವೂ. ಬಿಡಿಸಿಕೊಳ್ಳಲು ಹೋಗಿ ಅವನು ಒಮ್ಮೆ ಕೂಗಿದ. ಎಳೆಯಬೇಡ ಎಂದು ನಾನು ಹೇಳಿದೆ.

ಹೀಗೆ ಅಂಟಿದರೆ ಉಗುರುಬೆಚ್ಚಗಿನ ನೀರು ಧಾರಾಳವಾಗಿ ಸುರಿಯಬೇಕು. ನೀರಿನ ಪೈಪು ಆರು ಹೆಜ್ಜೆ ದೂರದಲ್ಲಿತ್ತು. ನಾನು ಅದನ್ನು ತೆಗೆದುಕೊಂಡು ಕಂಟ್ರೋಲ್ ರೂಮಿಗೆ ವಿಷಯ ತಿಳಿಸಿದೆ. ಸಫಿಯಾ ಈ ಸಲ ನಗಲಿಲ್ಲ. ನೀರು ಹಾಕಬೇಡಿ ಎಂದಳು. ವಾಲ್ವ್ ಈಗ ಮಂಜಿನಿಂದ ಮುಚ್ಚಿಕೊಂಡಿರಬಹುದು, ನೀರು ಬಿದ್ದು ಮಂಜು ಕರಗಿದರೆ ಮತ್ತೆ ತೆರೆದುಕೊಂಡು ಉಳಿದ ದ್ರವವೆಲ್ಲ ನಿಮ್ಮಿಬ್ಬರ ಮೇಲೆ, ಜೆಟ್ಟಿಯನ್ನು ಹೊತ್ತಿರುವ ಕೆಳಗಿನ ಉಕ್ಕಿನ ತೊಲೆಯ ಮೇಲೆ ಬರುತ್ತದೆ, ತೋಳು ಖಾಲಿಯಾಗುವವರೆಗೆ ತಡೆಯಲೇಬೇಕು ಎಂದಳು. ಎಷ್ಟು ಹೊತ್ತು ಎಂದು ಕೇಳಿದೆ. ಹನ್ನೊಂದು ನಿಮಿಷ ಎಂದಳು. ಅವಳು ಹೇಳಿದ್ದು ಸರಿ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಕೈಯಲ್ಲಿ ಪೈಪು ಇತ್ತು, ಪೈಪಿನಲ್ಲಿ ನೀರು ಇತ್ತು, ಸುರಿಯುವ ಹಾಗಿರಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಅಸಹಾಯಕನಾಗಿ ನಾನು ಎಂದೂ ನಿಂತಿಲ್ಲ.

ಕಿಲಾತ್ ಕುಸಿದರೆ ಕೈಯ ಚರ್ಮ ಕಿತ್ತು ಬರುತ್ತದೆ. ಅದಕ್ಕೆ ನಾನು ಹಿಂದಿನಿಂದ ಅವನ ಸೊಂಟವನ್ನು ಬಳಸಿ ಹಿಡಿದುಕೊಂಡೆ. ಅವನ ಬೆವರಿನ ಅಂಗಿ ನನ್ನ ಎದೆಗೆ ಅಂಟಿತ್ತು. ಹೊರಗೆ ಸುಡುವ ಬಿಸಿಲು.

"ಭಾವ, ಉರೀತಿದೆ. ಬೆಂಕಿ ಹಿಡ್ದಂಗಿದೆ."

"ಇನ್ನು ಸ್ವಲ್ಪ ಹೊತ್ತು ಕಣೋ."

"ನಿಮ್ ಸ್ವಲ್ಪ ಹೊತ್ತು ನಂಗೊತ್ತಿಲ್ವಾ. ಮೀನಿಗ್ ಹೋಗೋಣ ಅಂದ್ರೆ ಒಂದ್ ಗಂಟೆ ಬಾಗಿಲಲ್ಲಿ ನಿಲ್ಲಿಸ್ತೀರಿ."

ಎದುರಿನ ಹಡಗಿನ ಮುಖ್ಯ ಅಧಿಕಾರಿ ಕುರಿಹಾರಾ ಎನ್ನುವವರು ಅಂಚಿನ ಕಂಬಿಯ ಬಳಿ ಬಂದು ನಿಂತರು. ಅವರ ಕೈಯಲ್ಲಿ ಒಂದು ದೊಡ್ಡ ಕೆಟಲ್ ಇತ್ತು. ಅಡುಗೆಮನೆಯಿಂದ ಬೆಚ್ಚಗಿನ ನೀರು ತಂದಿದ್ದರು. ಅವರಿಗೂ ನಮಗೂ ನಡುವೆ ಆರು ಮೀಟರ್ ಸಮುದ್ರ. ಕೊನೆಯವರೆಗೂ ಅವರು ಆ ಕೆಟಲ್ ಕೆಳಗಿಡಲಿಲ್ಲ.

ಐದನೆಯ ನಿಮಿಷವೋ ಆರನೆಯದೋ, ಕಿಲಾತ್ ಪೆನ್ಯಾರಂ ಕೇಳಿದ. "ಹೇಗೂ ಮುಟ್ಟಿದ್ದಾಯ್ತು, ತಿಂದೇ ಬಿಡ್ತೀನಿ, ಕೊಡಿ," ಎಂದ. ಡಬ್ಬಿ ನನ್ನ ಕಾಲ ಬಳಿ ಬಿದ್ದಿತ್ತು. ಒಂದು ಕೈಯಲ್ಲಿ ಅವನನ್ನು ಹಿಡಿದುಕೊಂಡೇ ಬಗ್ಗಿ ಒಂದನ್ನು ತೆಗೆದು ಅವನ ಬಾಯಿಗಿಟ್ಟೆ. ಅವನು ಬಹಳ ಹೊತ್ತು ಅಗಿದ. ಅಕ್ಕ ಈ ಸಲ ಬೆಲ್ಲ ಜಾಸ್ತಿ ಹಾಕಿದ್ದಾಳೆ ಎಂದ.

ಆಮೇಲೆ, "ಭಾವ, ಉರಿ ನಿಂತೋಯ್ತು. ಈಗ ಏನೂ ನೋವಿಲ್ಲ," ಎಂದ.

ಅವನ ದನಿಯಲ್ಲಿ ಸಮಾಧಾನ ಇತ್ತು. ನೋವು ನಿಂತಿತೆಂದರೆ ಏನು ಅರ್ಥ ಎಂದು ತರಬೇತಿಯಲ್ಲಿ ನಮಗೆ ಚಿತ್ರ ತೋರಿಸಿ ಹೇಳಿರುತ್ತಾರೆ. ಅವನಿಗೂ ತೋರಿಸಿದ್ದರು. ಅವನು ಮರೆತಿದ್ದನೋ, ನನಗಾಗಿ ಮರೆತ ಹಾಗೆ ಮಾಡಿದನೋ ಗೊತ್ತಿಲ್ಲ. ನಾನು ಒಳ್ಳೆಯದಾಯಿತು ಎಂದೆ.

3.09ಕ್ಕೆ ತೋಳು ಖಾಲಿಯಾಯಿತೆಂದು ಸಫಿಯಾ ಹೇಳಿದಳು. ನೀರು ಬಿಟ್ಟೆ. ನಾಲ್ಕೈದು ನಿಮಿಷಕ್ಕೆ ಕೈ ಬಿಟ್ಟುಕೊಂಡಿತು. ಅದು ಬೆಳ್ಳಗೆ, ಮೇಣದ ಹಾಗೆ ಗಟ್ಟಿಯಾಗಿತ್ತು. ಆಂಬುಲೆನ್ಸಿನವರು ಅವನನ್ನು ಕರೆದುಕೊಂಡು ಹೋದರು. ನಾನು ಜೊತೆಗೆ ಹೋಗುವ ಹಾಗಿರಲಿಲ್ಲ. ಮೇಲ್ವಿಚಾರಕ ಹಡಗು ಬಿಡುವವರೆಗೆ ಜೆಟ್ಟಿ ಬಿಡಬಾರದು. ತೋಳುಗಳನ್ನು ಬಿಚ್ಚಿಸಿದೆ. ಎಲ್ಲ ಮುಗಿದ ಮೇಲೆ ಮೇಲ್ವಿಚಾರಕ ಹಡಗಿಗೆ ಹೇಳಬೇಕಾದ ಒಂದು ಮಾತಿದೆ. ಅದನ್ನು ಹೇಳದೆ ಹಡಗಿನ ಹಗ್ಗ ಬಿಚ್ಚುವುದಿಲ್ಲ. 4.40ಕ್ಕೆ ನಾನು ವಾಕಿಟಾಕಿಯಲ್ಲಿ, ಅನಿಲ ತುಂಬುವ ಕೆಲಸ ಸುರಕ್ಷಿತವಾಗಿ ಮುಗಿದಿದೆ ಎಂದು ಹೇಳಿದೆ. ಕುರಿಹಾರಾ ಅವರು ಕೇಳಿಸಿತು ಎಂದರು.

ಐದನೆಯ ದಿನ ಆಸ್ಪತ್ರೆಯಲ್ಲಿ ಕಿಲಾತನ ಬಲಗೈಯ ನಾಲ್ಕು ಬೆರಳುಗಳನ್ನು ತೆಗೆದರು. ಹೆಬ್ಬೆರಳು ಉಳಿದಿದೆ. ಹೊಳೆಯಲ್ಲಿ ಬಲೆ ಬೀಸಿದರೆ ಅವನ ಬಲೆ ತಟ್ಟೆಯಂತೆ ದುಂಡಗೆ ಬಿಚ್ಚಿಕೊಳ್ಳುತ್ತಿತ್ತು. ಇನ್ನು ಆ ಕೈಯಲ್ಲಿ ಬಲೆಯ ಹಗ್ಗ ನಿಲ್ಲುವುದಿಲ್ಲ.

ಇಂದು ನಾನು ಇಷ್ಟನ್ನು ಹೇಳಿದ ಮೇಲೆ ಇನ್ಸ್‌ಪೆಕ್ಟರ್ ಅವರು ಬರೆಯುವುದನ್ನು ನಿಲ್ಲಿಸಿ, ಕಿಲಾತ್ ಆಸ್ಪತ್ರೆಯಲ್ಲಿ ಮೊನ್ನೆಯೇ ಹೇಳಿಕೆ ಕೊಟ್ಟಿದ್ದಾನೆಂದು ತಿಳಿಸಿದರು. ಅದನ್ನು ಓದಿ ಹೇಳಿದರು. ಅಂಗೈ ಬೆವತಿದ್ದರಿಂದ ತಾನಾಗಿ ಕೈಗವಸು ತೆಗೆದೆ, ಆಗ ತನ್ನ ಬಳಿ ಯಾರೂ ಇರಲಿಲ್ಲ, ಮೇಲ್ವಿಚಾರಕರು ಕ್ಯಾಬಿನ್ನಿನಲ್ಲಿದ್ದರು, ಎಲ್ಲ ಮುಗಿದ ಮೇಲೆ ಓಡಿಬಂದರು ಎಂದು ಅದರಲ್ಲಿದೆ. ತಿಂಡಿಯ ಮಾತೇ ಇಲ್ಲ. ಕೆಳಗೆ ಎಡ ಹೆಬ್ಬೆಟ್ಟಿನ ಗುರುತು ಇದೆ.

ಅವನು ಹೀಗೆ ಹೇಳುತ್ತಾನೆಂದು ನನಗೆ ಮೊದಲೇ ಅನುಮಾನವಿತ್ತು. ಬೆರಳು ತೆಗೆದ ಮಾರನೆಯ ದಿನ ನೋಡಲು ಹೋದಾಗ ಅವನು, "ಕೈ ನಂದು ಹೋಯ್ತು, ಕೆಲಸ ನಿಮ್ದೂ ಯಾಕ್ ಹೋಗ್ಬೇಕು? ಇಬ್ರೂ ಮನೇಲ್ ಕೂತ್ರೆ ಅಕ್ಕ ನಮ್ಮಿಬ್ರನ್ನೂ ಹೊಸಿಲಿಂದ ಆಚೆ ಹಾಕ್ತಾಳೆ. ನೀವು ಸುಳ್ಳೇನೂ ಹೇಳ್ಬೇಡಿ ಭಾವ, ಸುಮ್ನಿದ್ರೆ ಸಾಕು," ಎಂದಿದ್ದ. ಸುಮ್ಮನಿರಲು ನೋಡಿದೆ. ಎರಡು ದಿನಕ್ಕಿಂತ ಹೆಚ್ಚು ಆಗಲಿಲ್ಲ.

ಪುನಿಯ ವಿಷಯ ಬರೆಯಲೇಬೇಕೇ ಎಂದು ಇನ್ಸ್‌ಪೆಕ್ಟರ್ ಅವರು ಕೇಳಿದರು. "ನನಗೂ ಗೊತ್ತು ನ್ಯಿಪಾ ಅವರೇ, ನಮ್ಮನೇಲೂ ಮುಟ್ಟೇ ಹೊರಡೋದು. ಆದ್ರೆ ಇದನ್ನ ಓದೋ ದೊಡ್ಡೋರು ನಗ್ತಾರೆ," ಎಂದರು. ನಾನು ಅವನನ್ನು ಮುಟ್ಟೆಂದು ಬಲವಂತ ಮಾಡಿದೆನೇ ಎಂದು ಕೇಳಿದರು. ಇಲ್ಲ ಎಂದೆ. ಹಾಗಿದ್ದರೆ ಕಾನೂನಿನ ಪ್ರಕಾರ ಕೈಗವಸು ತೆಗೆದವನು ಅವನೇ ಎಂದರು. ಗಾಯಾಳುವಿನ ಹೇಳಿಕೆಯೂ ಕಂಪನಿಯ ಹೇಳಿಕೆಯೂ ಒಂದೇ ಆಗಿರುವಾಗ ನನ್ನದೊಂದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಕ್ಕಿಲ್ಲ, ಬೇಕಿದ್ದರೆ ಈಗಲೂ ಹರಿದುಹಾಕಬಹುದು ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ಹರಿಯುವುದು ಬೇಡ ಎಂದಿದ್ದೇನೆ. ತಪ್ಪು ಯಾರದೆಂದು ಓದುವವರು ಅವರಿಗೆ ತೋಚಿದಂತೆ ತೀರ್ಮಾನಿಸಲಿ. ನನ್ನ ಕೆಲಸ ಉಳಿಯುತ್ತದೋ ಹೋಗುತ್ತದೋ ಅದನ್ನೂ ಅವರೇ ನೋಡಿಕೊಳ್ಳಲಿ. ಆದರೆ ಅವನ ಬಳಿ ಯಾರೂ ಇರಲಿಲ್ಲ ಎಂಬ ಮಾತು ಸರ್ಕಾರದ ಕಾಗದದಲ್ಲಿ ಉಳಿಯಬಾರದು. ನಾನಿದ್ದೆ. ಹನ್ನೊಂದು ನಿಮಿಷವೂ ಅವನನ್ನು ತಬ್ಬಿ ಹಿಡಿದು ನಿಂತಿದ್ದೆ. ಬೇರೇನೂ ಮಾಡಲು ನನ್ನಿಂದ ಆಗಲಿಲ್ಲ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಕೂಡಿಸಿದ್ದೂ ಕಳೆದದ್ದೂ ಇಲ್ಲ.

ಸ್ಥಳ: ತಂಜುಂಗ್ ಸೆರಾಯ್
ದಿನಾಂಕ: 6 ಜೂನ್ 2019

(ಸಹಿ) ನ್ಯಿಪಾ ಅನಾಕ್ ಮುಜಾ