ನಳದ ಹಸಿರು ವೈರು ಯಾರ ಪಾಲಿಗೆ ಬರುತ್ತದೆ ಎಂಬ ಬಗ್ಗೆ

ನಾನು ವಿನಯ ತಂದೆ ಗುರುಪಾದಪ್ಪ ಇಟಗಿ, ವಯಸ್ಸು 41 ವರ್ಷ, ಉದ್ಯೋಗ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಎರಕದ ಮಾಲಿನ ತಪಾಸಣೆ, ಸಾಕಿನ್ ಬೀಡಿ ಗ್ರಾಮ, ತಾಲೂಕು ಖಾನಾಪುರ, ಸದ್ಯ ವಾಸ ಮಹಾಂತೇಶ ನಗರ, ಬೆಳಗಾವಿ. ಇಂದು ದಿನಾಂಕ 15-02-2025ರಂದು ಮುಂಜಾನೆ 11 ಗಂಟೆಗೆ ಠಾಣೆಗೆ ಬಂದು ಹವಾಲ್ದಾರರ ಮುಂದೆ ಕುಳಿತು ಬರೆಸುವ ವಿಷಯವೇನೆಂದರೆ, ನನ್ನ ತಾಯಿ ಶಿವಬಸವ್ವ, ವಯಸ್ಸು 67 ವರ್ಷ, ಇವರಿಗೆ ನಿನ್ನೆ ನಮ್ಮ ಅಡುಗೆಮನೆಯ ನಳದಿಂದ ಕರೆಂಟ್ ಹೊಡೆದು ಬಲಗೈ ಸುಟ್ಟಿರುತ್ತದೆ. ಆ ಕೈಯ ಎರಡು ಬೆರಳು ಉಳಿಯುತ್ತವೋ ತೆಗೆಯಬೇಕೋ ಎಂಬುದನ್ನು ಸೋಮವಾರ ಹೇಳುತ್ತೇವೆ ಎಂದು ಡಾಕ್ಟರರು ತಿಳಿಸಿರುತ್ತಾರೆ. ನಳದಲ್ಲಿ ಕರೆಂಟ್ ಬರುತ್ತಿರುವುದು ಐದು ದಿನ ಮೊದಲೇ ಆರು ಜನರಿಗೆ ಗೊತ್ತಿತ್ತು. ಆ ಆರು ಜನರಲ್ಲಿ ನನ್ನ ತಾಯಿ ಇರಲಿಲ್ಲ.

ದಿನಾಂಕ 03-02-2025ರಂದು ನಮ್ಮ ಓಣಿಗೆ ಪೈಪಿನ ಗ್ಯಾಸ್ ಕೊಡುವ ಗುತ್ತಿಗೆದಾರರ ಸುಪರ್‌ವೈಜರ್ ಮೈಲಾರಲಿಂಗ ಎಂಬುವರು ನಮ್ಮ ಮನೆಗೆ ಬಂದರು. ಅಡುಗೆಮನೆ ಗೋಡೆಯಲ್ಲಿ ಗ್ಯಾಸಿನ ಪೈಪ್ ಬರಬೇಕಾದ ಜಾಗದಲ್ಲೇ ನೀರಿನ ಹಳೆಯ ಕಬ್ಬಿಣದ ಪೈಪ್ ಇದೆ, ಅದನ್ನು ತೆಗೆಸಿ ಬೇರೆ ಕಡೆಯಿಂದ ತರಿಸಿರಿ ಎಂದರು. ನಾಲ್ಕು ಹಾಳೆಯ ಇಂಗ್ಲಿಷ್ ಕಾಗದ ಕೊಟ್ಟು, ಗುರುತು ಮಾಡಿದ ಕಡೆ ಸಹಿ ಹಾಕಿರಿ ಎಂದರು. ನಾನು ಹಾಕಿದೆನು. ಹದಿನಾರು ವರ್ಷದಿಂದ ಫೌಂಡ್ರಿಯಲ್ಲಿ ಅಳತೆ ಹಿಡಿಯದೆ ಒಂದು ಮಾಲಿನ ಮೇಲೂ ಪಾಸ್ ಎಂದು ಸಹಿ ಹಾಕಿದವನಲ್ಲ ನಾನು. ಆ ಹೊತ್ತು ನನ್ನ ಬುದ್ಧಿ ಎಲ್ಲಿಗೆ ಹೋಗಿತ್ತೋ ತಿಳಿಯದು.

05-02-2025ರಂದು ಪ್ಲಂಬರ್ ಬೀರೇಶ ಬಂದು ಕಬ್ಬಿಣದ ಪೈಪ್ ಕತ್ತರಿಸಿ ತೆಗೆದು, ಹೊರಗಿನಿಂದ ಪ್ಲಾಸ್ಟಿಕ್ ಪೈಪ್ ಎಳೆದು, ನಳದ ಹತ್ತಿರ ಎರಡು ಅಡಿ ಕಬ್ಬಿಣ ಮಾತ್ರ ಉಳಿಸಿದನು. ನಮ್ಮ ಮನೆಯನ್ನು ನಮ್ಮ ತಂದೆಯವರು 1996ರಲ್ಲಿ ಕಟ್ಟಿಸಿದ್ದು, ಆಗಿನ ವೈರ್‌ಮನ್ ಅರ್ಥಿಂಗಿಗೆ ಬೇರೆ ಗುಂಡಿ ತೋಡದೆ ಬೋರ್ಡಿನ ಹಸಿರು ವೈರನ್ನು ಈ ನೀರಿನ ಪೈಪಿಗೇ ಕಟ್ಟಿದ್ದನು. ಪೈಪ್ ನೆಲದೊಳಗೆ ಹೋಗುತ್ತಿದ್ದುದರಿಂದ ಕರೆಂಟ್ ಎಲ್ಲಿ ಸೋರಿದರೂ ಮಣ್ಣು ಸೇರುತ್ತಿತ್ತು. ಈಗ ಮಣ್ಣಿನ ಸಂಬಂಧ ಕಡಿಯಿತು. ಬೀರೇಶನು ಆ ವೈರನ್ನು ಬಿಚ್ಚಿ, ಜೋತು ಬಿದ್ದರೆ ಚೆಂದ ಕಾಣುವುದಿಲ್ಲ ಎಂದು, ಉಳಿದ ಎರಡು ಅಡಿ ಕಬ್ಬಿಣಕ್ಕೆ ಮತ್ತೆ ಕ್ಲಾಂಪ್ ಹಾಕಿ ಬಿಗಿದು ಹೋದನು. ಅಂದರೆ ಅಂದಿನಿಂದ ಮನೆಯಲ್ಲಿ ಸೋರಿದ ಕರೆಂಟ್ ಎಲ್ಲ ನೇರ ನಮ್ಮ ನಳಕ್ಕೆ ಬರತೊಡಗಿತು.

06-02-2025ರ ಮುಂಜಾನೆ ನನ್ನ ಹೆಂಡತಿ ದಾನೇಶ್ವರಿ, ಗೀಜರ್ ಹಚ್ಚಿದಾಗ ನಳ ಮುಟ್ಟಿದರೆ ಜುಮ್ ಎನ್ನುತ್ತದೆ ಎಂದು ಹೇಳಿದಳು. ಥಂಡಿಗೆ ಹಾಗಾಗಿರಬೇಕು ಎಂದೆನು. ಹಂಗಾರ ನೀವ ಮುಟ್ರಿ ಎಂದಳು. ಮುಟ್ಟಿದೆನು, ಮೊಣಕೈ ತನಕ ಹೊಡೆಯಿತು.

ಕೂಡಲೇ ಬೀರೇಶನಿಗೆ ಫೋನ್ ಮಾಡಿದೆನು. ಅವನು, ಸರ ನಾ ಪೈಪಿನಂವ, ವೈರ್ ಮುಟ್ಟಾಕ ನನಗ ಲೈಸೆನ್ಸ್ ಇಲ್ರೀ ಎಂದನು. ಹಾಗಾದರೆ ನಿನ್ನೆ ಬಿಚ್ಚಿ ಮತ್ತೆ ಕಟ್ಟಿದ್ದು ಯಾರ ಕೈ ಎಂದು ಕೇಳಿದ್ದಕ್ಕೆ, ಅದು ಮಾಣುಸ್ಕಿರೀ, ಮನುಷ್ಯತ್ವಕ್ಕ ಮಾಡಿದ್ದು, ಕೆಲಸ ಅಲ್ರೀ ಎಂದನು. ಮೈಲಾರಲಿಂಗ ಇವರಿಗೆ ಫೋನ್ ಮಾಡಿದ್ದಕ್ಕೆ, ನಮ್ಮ ಗ್ಯಾಸಿನ ಪೈಪಿಗೆ ವೈರ್ ಕಟ್ಟಿಲ್ಲಲ್ರೀ, ಹಂಗಾರ ನಮಗೇನ್ ಸಂಬಂಧ ಎಂದರು. ಮನೆಯ ಅರ್ಥಿಂಗ್ ಸರಿಯಾಗಿದೆ ಎಂದು ಮೂರನೇ ಹಾಳೆಯಲ್ಲಿ ನಾನೇ ಸಹಿ ಮಾಡಿದ್ದೇನೆ ಎಂದೂ ತಿಳಿಸಿದರು. ತೆಗೆದು ನೋಡಿದೆನು, ಖರೇ ಇತ್ತು. ಮರುದಿನ ಅರ್ಧ ದಿನ ರಜೆ ಹಾಕಿ ವಿದ್ಯುತ್ ಕಚೇರಿಗೆ ಹೋಗಿ ಒಂದು ತಾಸು ಹತ್ತು ನಿಮಿಷ ನಿಂತೆನು. ಅಲ್ಲಿಯವರು, ಮೀಟರ್ ತನಕ ನಮ್ದು, ಒಳಗಿಂದು ನಿಮ್ದು ಎಂದರು. ನನಗೆ ತಲೆ ಚಿಟ್ಟು ಹಿಡಿಯಿತು. ಪೈಪಿನವನಿಗೆ ವೈರ್ ಕಾಣುವುದಿಲ್ಲ, ಗ್ಯಾಸಿನವನಿಗೆ ನೀರು ಕಾಣುವುದಿಲ್ಲ, ಕಚೇರಿಯವರಿಗೆ ಮೀಟರಿನ ಆಚೆ ಏನೂ ಕಾಣುವುದಿಲ್ಲ. ಇದನ್ನು ಬರೆಯುವುದು ಬೇಡ, ವಿಷಯಕ್ಕ ಬರ್ರಿ ಎಂದು ಹವಾಲ್ದಾರರು ಹೇಳಿದರು. ಇದೇ ವಿಷಯ, ಬರೆಯಿರಿ ಎಂದು ನಾನು ಹೇಳಿದ ಮೇಲೆ ಬರೆದುಕೊಂಡಿರುತ್ತಾರೆ.

09-02-2025 ರವಿವಾರ ಮುಂಜಾನೆ 10-30ಕ್ಕೆ ಬೀರೇಶ, ಮೈಲಾರಲಿಂಗ ಮತ್ತು ನಮ್ಮ ಓಣಿಯ ವೈರ್‌ಮನ್ ಸೋಮಲಿಂಗ ಈ ಮೂವರನ್ನೂ ಕಾಡಿ ಬೇಡಿ ಒಂದೇ ಹೊತ್ತಿಗೆ ಮನೆಗೆ ಕರೆಸಿದೆನು. ಸೋಮಲಿಂಗನು ನಳಕ್ಕೆ ಟೆಸ್ಟರ್ ಹಚ್ಚಿದಾಗ ದೀಪ ಹತ್ತಿತು. ಮೂವರೂ ಬಗ್ಗಿ ನೋಡಿ, ಹೌದಲಾ ಎಂದರು. ಗೀಜರಿನಿಂದ ಕರೆಂಟ್ ಸೋರುತ್ತಿದೆ, ಅರ್ಥಿಂಗ್ ಇಲ್ಲದ್ದಕ್ಕೆ ಎಲ್ಲ ನಳಕ್ಕೆ ಬರುತ್ತಿದೆ ಎಂದು ಸೋಮಲಿಂಗನು ಬಿಡಿಸಿ ಹೇಳಿದನು. ನಂತರ 50 ನಿಮಿಷ ಇದು ಯಾರ ಕೆಲಸ ಎಂಬ ಬಗ್ಗೆ ಮಾತಾಯಿತು. ದಾನೇಶ್ವರಿ ಎರಡು ಸಲ ಚಹಾ ಮಾಡಿದಳು, ಎರಡೂ ಸಲ ಚಪ್ಪಲಿ ಮೆಟ್ಟಿ ಅದೇ ನಳದ ನೀರು ಹಿಡಿದಳು. ಕಡೆಗೆ ಸೋಮಲಿಂಗನು, ನೀವ್ ಹ್ಞೂಂ ಅನ್ರಿ, ನಾಳೆ ಮುಂಜಾನೆ ಅಂಗಳದಾಗ ಕುಣಿ ತೋಡಿ ಹೊಸಾ ಅರ್ಥಿಂಗ್ ಕೊಡ್ತೇನಿ, ಮಧ್ಯಾಹ್ನದೊಳಗ ಮುಗೀತೈತಿ ಎಂದನು. ನಾನು ಹ್ಞೂಂ ಅನ್ನಲಿಲ್ಲ. ಕೆಡಿಸಿದವರು ಇಬ್ಬರೂ ಇಲ್ಲೇ ಕುಳಿತು ಚಹಾ ಕುಡಿಯುತ್ತಿರುವಾಗ ನನ್ನ ಅಂಗಳ ನಾನ್ಯಾಕೆ ಅಗೆಸಬೇಕು, ಕೆಡಿಸಿದವರೇ ಸರಿ ಮಾಡಲಿ ಎಂದೆನು. ಅಲ್ಲಿ ತನಕ ರಬ್ಬರ್ ಚಪ್ಪಲ್ ಹಾಕ್ಕೊಂಡ ಮುಟ್ರಿ ಎಂದು ಹೇಳಿ ಮೂವರೂ ಎದ್ದು ಹೋದರು. ಆ ಒಂದು ಮಾತಿನಲ್ಲಿ ಮಾತ್ರ ಅವರಿಗೆ ಒಮ್ಮತವಿತ್ತು.

ಅಂದಿನಿಂದ ನೀಲಿ ಹವಾಯಿ ಚಪ್ಪಲಿ ಜೋಡು ಒಂದನ್ನು ಅಡುಗೆಮನೆಯ ನಳದ ಕೆಳಗೆ ಇಟ್ಟೆವು. ನಾನು, ದಾನೇಶ್ವರಿ, ಎಂಟನೇ ಇಯತ್ತೆಯ ಮಗಳು ನಿಖಿತಾ, ಮೂವರೂ ಅದನ್ನು ಮೆಟ್ಟಿಯೇ ನಳ ಮುಟ್ಟುತ್ತಿದ್ದೆವು. ನಾಲ್ಕು ದಿನದಲ್ಲಿ ಅದು ರೂಢಿಯಾಗಿ ಹೋಯಿತು. ಅಷ್ಟು ಬೇಗ ರೂಢಿಯಾಗಬಾರದಿತ್ತು.

13-02-2025ರ ಸಂಜೆ 5-40ಕ್ಕೆ ನನ್ನ ತಾಯಿ ಕಣ್ಣು ತೋರಿಸಲು ಬೀಡಿಯಿಂದ ಬಸ್ಸಿನಲ್ಲಿ ಬಂದರು. ಅಡುಗೆಮನೆಗೆ ಕಾಲಿಡುತ್ತಲೇ, ಅಡಿಗಿಮನ್ಯಾಗ ಚಪ್ಪಲ್ ಏನೋ ಇವು, ಹೊರಗ ಒಗಿ ಮೊದಲ ಎಂದು ನನಗೆ ಬೈದರು. ನಾನು ಎತ್ತಿಕೊಂಡು ಹೋಗಿ ಹೊರಬಾಗಿಲಲ್ಲಿ ಇಟ್ಟೆನು. ಕಾರಣ ಹೇಳಲಿಲ್ಲ. ನನ್ನ ತಾಯಿ ದಿನಾ ಮುಂಜಾನೆ ಜಳಕ ಮಾಡಿ, ಲಿಂಗಪೂಜೆಗೆ ಮೀಸಲು ನೀರನ್ನು ತಾವೇ ಹಿಡಿಯುವವರು. ಪೂಜೆಯ ನೀರಿಗೆ ಚಪ್ಪಲಿ ಮೆಟ್ಟಿರಿ ಎಂದರೆ ಮುಂಜಾನೆಯ ಮೊದಲ ಬಸ್ಸಿಗೆ ಊರಿಗೆ ಹೋಗಿಬಿಡುತ್ತಾರೆ ಎಂದು ನಾನೇ ತಿಳಿದುಕೊಂಡೆನು. ಮುಂಜಾನೆ ನಾನೇ ಮೊದಲೆದ್ದು ನೀರು ಹಿಡಿದಿಟ್ಟರಾಯಿತು, ನೀನೂ ಏನೂ ಹೇಳಬೇಡ ಎಂದು ದಾನೇಶ್ವರಿಗೆ ಹೇಳಿದೆನು.

14-02-2025ರಂದು ಮುಂಜಾನೆ 6 ಗಂಟೆಗೆ ಎದ್ದೆನು. ನೀರು ಹಿಡಿಯಲು ಕೊಡ ಕೈಯಲ್ಲಿ ತೆಗೆದುಕೊಂಡಿದ್ದಾಗ 6-42ಕ್ಕೆ ಬೀರೇಶನ ಫೋನ್ ಬಂದಿತು. ನಾಲ್ಕು ದಿನದಿಂದ ಫೋನ್ ಎತ್ತದವನು ಅವನು. ಕೊಡ ಅಲ್ಲೇ ಇಟ್ಟು ಅಂಗಳಕ್ಕೆ ಹೋಗಿ, ಇದು ನಿನ್ನ ಕೆಲಸವೋ ಅಲ್ಲವೋ, ಒಂದು ಮಾತು ಹೇಳು ಎಂದು ಒದರಾಡಿದೆನು. ಕರೆಯ ಅವಧಿ 6 ನಿಮಿಷ 40 ಸೆಕೆಂಡು ಎಂದು ಮೊಬೈಲಿನಲ್ಲಿ ಇರುತ್ತದೆ. ಅಷ್ಟರಲ್ಲಿ ನನ್ನ ತಾಯಿ ಜಳಕ ಮುಗಿಸಿ, ಗೀಜರ್ ಇನ್ನೂ ಚಾಲೂ ಇದ್ದಾಗ, ಒದ್ದೆ ಸೀರೆಯಲ್ಲಿ, ಬರಿಗಾಲಲ್ಲಿ, ಎಡಗೈಯಲ್ಲಿ ತಾಮ್ರದ ತಂಬಿಗೆ ಹಿಡಿದು ಬಲಗೈಯಿಂದ ನಳ ತಿರುವಿದರು. ಕೈ ಬಿಡಿಸಿಕೊಳ್ಳಲು ಆಗಲಿಲ್ಲ. ದಾನೇಶ್ವರಿ ಚೀರುತ್ತ ಕಟ್ಟಿಗೆಯ ಮಣೆಯಿಂದ ಅವರನ್ನು ದೂಡಿದಳು. ನಾನು ಅಂಗಳದಿಂದ ಹದಿನಾಲ್ಕು ಅಡಿ ಓಡಿ ಬಂದು ಮೇನ್ ಸ್ವಿಚ್ ಕೆಡವಿದೆನು. ಆಗ ಫೋನ್ ಇನ್ನೂ ಚಾಲೂ ಇತ್ತು, ಹಲೋ ಸರ, ಕೇಳಾಕತ್ತೀರೇನ್ರಿ ಎಂದು ಬೀರೇಶನು ಅನ್ನುತ್ತಿದ್ದನು.

ನಿನ್ನೆ ಸಂಜೆ 7 ಗಂಟೆಗೆ ಆಸ್ಪತ್ರೆಯಲ್ಲಿ ನನ್ನ ತಾಯಿ ಮಾತನಾಡಿದರು. ಚಪ್ಪಲಿಯ ಸಂಗತಿಯನ್ನು ಆಗ ಹೇಳಿದೆನು. ನೀವು ಸಿಟ್ಟಾಗುತ್ತೀರಿ ಎಂದು ಹೇಳಲಿಲ್ಲ ಎಂದೆನು. ಅದಕ್ಕೆ ಅವರು, ನಳದಾಗ ಕರೆಂಟ್ ಐತಿ ಅಂತ ಒಂದ ಮಾತ ಹೇಳಿದ್ರ ಚಪ್ಪಲ್ ಅಲ್ಲೋ, ನಿನ್ನ ಫೌಂಡ್ರಿ ಬೂಟ್ ಹಾಕ್ಕೊಂಡ ನಿಂದರ್ತಿದ್ದೆ, ದೇವರೇನ್ ನನ್ನ ಕಾಲ ನೋಡ್ತಾನೇನೋ ತಮ್ಮಾ ಎಂದರು.

ಆದ್ದರಿಂದ ಬೀರೇಶ, ಮೈಲಾರಲಿಂಗ ಇವರ ಮೇಲೆ ಕ್ರಮ ಕೈಗೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಮೂರನೆಯವನಾಗಿ ನನ್ನ ಹೆಸರನ್ನೂ ಬರೆದುಕೊಳ್ಳಿರಿ ಎಂದು ಹೇಳಿದೆನು. ಫಿರ್ಯಾದಿಯ ಹೆಸರು ಆ ಕಡೆ ಬರುವುದಿಲ್ಲ, ಅದಕ್ಕೆ ಜಾಗವಿಲ್ಲ ಎಂದು ಹವಾಲ್ದಾರರು ತಿಳಿಸಿದರು. ಜಾಗವಿಲ್ಲದಿದ್ದರೆ ಇಲ್ಲೇ ಬರೆಯಿರಿ ಎಂದು ಹೇಳಿ ಬರೆಸಿರುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದೆನು, ನಾನು ಹೇಳಿದಂತೆಯೇ ಇದೆ, ಎಲ್ಲವೂ ಖರೆ ಇರುತ್ತದೆ. ಈ ಸಲ ಪ್ರತಿ ಹಾಳೆಯನ್ನೂ ನಾನೇ ಓದಿ ಸಹಿ ಮಾಡಿರುತ್ತೇನೆ.

ಸ್ಥಳ: ಬೆಳಗಾವಿ
ದಿನಾಂಕ: 15-02-2025, ಮಧ್ಯಾಹ್ನ 12-55

ಸಹಿ/-
ವಿನಯ ಗುರುಪಾದಪ್ಪ ಇಟಗಿ