ಹತ್ತೊಂಬತ್ತನೆಯ ದಿನದ ಕೊಳವೆ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಂದಿನ ಸಾಲಿನಲ್ಲಿರುವ ಶಸ್ತ್ರವೈದ್ಯರೇ, ಪ್ರಯೋಗಾಲಯದ ಗೆಳೆಯರೇ, ಸಭಿಕರೇ,

ಹೆಬ್ಬೆರಳ ಗಾತ್ರದ ನಮ್ಮ ಪಂಪು ಅರವತ್ತು ದಿನ ಒಂದು ಕ್ಷಣವೂ ನಿಲ್ಲದೆ ಓಡಿತು ಎಂದು ನನ್ನನ್ನು ಸನ್ಮಾನಿಸುತ್ತಿದ್ದೀರಿ. ಓಡಿದ್ದು ನಿಜ. ಪರೀಕ್ಷೆ ಮಾಡಿದವಳು ನಾನೇ. ಈ ಪಂಪು ಯಾರಿಗಾಗಿ? ಹುಟ್ಟುವಾಗಲೇ ಅರ್ಧ ಹೃದಯದೊಂದಿಗೆ ಬಂದವರಿಗಾಗಿ. ಅವರ ರಕ್ತನಾಳಗಳನ್ನು ಬಾಲ್ಯದಲ್ಲೇ ನೇರವಾಗಿ ಶ್ವಾಸಕೋಶಕ್ಕೆ ಜೋಡಿಸಿರುತ್ತಾರೆ. ಅಲ್ಲಿಗೆ ರಕ್ತವನ್ನು ತಳ್ಳುವವರಿಲ್ಲ. ಅದು ತಾನಾಗಿಯೇ ಹೋಗಬೇಕು. ವರ್ಷಗಳು ಕಳೆದಂತೆ ಹೋಗಲಾರದು. ಆಗ ತಳ್ಳುವುದು ನಮ್ಮ ಪಂಪಿನ ಕೆಲಸ.

ಮೊದಲ ಪಂಪು ಬುಧವಾರ ನನ್ನ ತಮ್ಮನ ಎದೆಯೊಳಗೆ ಹೋಗಲಿದೆ. ಮೂರನೆಯ ಸಾಲಿನಲ್ಲಿದ್ದಾನೆ. ಈ ಸಭಾಂಗಣದ ಹದಿನಾಲ್ಕು ಮೆಟ್ಟಿಲು ಹತ್ತಲು ಎರಡು ಸಲ ಕುಳಿತ. ಕೈ ಹಿಡಿಯಲು ಹೋದರೆ, "ಬಿಡಕ್ಕ, ಜನ ನೋಡ್ತಾರೆ. ಸನ್ಮಾನ ನಿಂಗೆ, ಮೆರವಣಿಗೆ ನಂಗಾ?" ಎಂದ. ನಗಬೇಡಿ, ನಕ್ಕರೆ ಅವನಿಗೆ ಇನ್ನಷ್ಟು ಹುರುಪು ಬರುತ್ತದೆ. ಚಿಕ್ಕಂದಿನಲ್ಲಿ ನಾವೆಲ್ಲ ಗೋಡೆ ಮುಟ್ಟಿ ಬರುವ ಓಟ ಓಡಿದರೆ, ಎಣಿಸುವ ಕೆಲಸ ಇವನದು. ನಾನು ಗೆಲ್ಲಲಿ ಎಂದು ನನ್ನ ಸರದಿಯಲ್ಲಿ ನಿಧಾನವಾಗಿ ಎಣಿಸುತ್ತಿದ್ದ. ಗೊತ್ತಾದ ದಿನ ಅಮ್ಮ ಇಬ್ಬರಿಗೂ ಬೈದಳು.

ಇದನ್ನೇಕೆ ಹೇಳುತ್ತಿದ್ದೇನೆ? ಕ್ಷಮಿಸಿ, ಒಂದು ಗುಟುಕು ನೀರು ಕುಡಿಯುತ್ತೇನೆ.

ಪರೀಕ್ಷೆಯ ತೊಟ್ಟಿಯಲ್ಲಿ ರಕ್ತದ ಬದಲು ಗ್ಲಿಸರಿನ್ ಬೆರೆಸಿದ ನೀರಿರುತ್ತದೆ. ರಕ್ತನಾಳದ ಬದಲು ಮೆತ್ತನೆಯ ರಬ್ಬರ್ ಕೊಳವೆ. ಹತ್ತೊಂಬತ್ತನೆಯ ದಿನ ಪಂಪು ಜೋರಾಗಿ ಹೀರಿದ್ದರಿಂದ ಆ ಕೊಳವೆ ಚಪ್ಪಟೆಯಾಗಿ ಅಂಟಿಕೊಂಡು, ಹರಿವು ನಿಂತಿತು. ಅಲಾರಾಂ ಹೊಡೆದುಕೊಂಡಿತು. ನಾನು ಪಂಪನ್ನು ನಿಲ್ಲಿಸದೆ, ಪಕ್ಕದ ಕವಾಟ ತಿರುಗಿಸಿ, ನೀರನ್ನು ಗಟ್ಟಿ ಪ್ಲಾಸ್ಟಿಕ್ ಕೊಳವೆಯಲ್ಲಿ ಹರಿಸಿದೆ. ದಾಖಲೆ ಪುಸ್ತಕದಲ್ಲಿ 'ಕೊಳವೆ ಹಳೆಯದಾಗಿತ್ತು, ಬದಲಿಸಿದೆ' ಎಂದು ಬರೆದೆ. ಸುಳ್ಳೇ? ಹಳೆಯದೇ ಆಗಿತ್ತು. ಆದರೆ ಉಳಿದ ನಲವತ್ತೊಂದು ದಿನ ಪಂಪು ಓಡಿದ್ದು ಚಪ್ಪಟೆಯಾಗಲು ಸಾಧ್ಯವೇ ಇಲ್ಲದ ಕೊಳವೆಯಲ್ಲಿ. ಮನುಷ್ಯರ ಮೈಯಲ್ಲಿ ಪ್ಲಾಸ್ಟಿಕ್ ನಾಳ ಇರುತ್ತದೆಯೇ?

ಪರೀಕ್ಷೆಯ ದಿನಗಳನ್ನು ಮತ್ತೆ ಒಂದರಿಂದ ಎಣಿಸಿದ್ದರೆ ಬುಧವಾರದ ಶಸ್ತ್ರಚಿಕಿತ್ಸೆ ಕೈತಪ್ಪುತ್ತಿತ್ತು. ತಮ್ಮನ ಯಕೃತ್ತು ಕೆಡುತ್ತಿದೆ, ಹೊಟ್ಟೆಯಲ್ಲಿ ನೀರು ತುಂಬುತ್ತಿದೆ, ಹೆಚ್ಚು ಕಾಯುವಂತಿಲ್ಲ ಎಂದು ವೈದ್ಯರು ಹೇಳಿದ್ದರು. ಹೆದರಿದೆ. ಈಗಲೂ ಹೆದರಿಕೆಯೇ, ಶಸ್ತ್ರಚಿಕಿತ್ಸೆ ಮಾಡಿದರೂ, ಬಿಟ್ಟರೂ.

ಅಧ್ಯಕ್ಷರೇ, ಈ ಸನ್ಮಾನ ಫಲಕ ತಮ್ಮಲ್ಲೇ ಇರಲಿ. ವೈದ್ಯರೇ, ಬುಧವಾರ ಬೇಡ. ನಾಳ ಚಪ್ಪಟೆಯಾಗುವ ಮೊದಲೇ ಪಂಪು ತಾನೇ ವೇಗ ತಗ್ಗಿಸಿಕೊಳ್ಳುವ ಏರ್ಪಾಡು ನಮ್ಮಲ್ಲಿ ಅರ್ಧ ಸಿದ್ಧವಿದೆ. ಅದು ಮುಗಿಯುವವರೆಗೆ ಔಷಧಿಯಲ್ಲೇ ತಮ್ಮನನ್ನು ಹಿಡಿದಿಡಿ, ಕೈಮುಗಿದು ಕೇಳುತ್ತೇನೆ. ತಮ್ಮಾ, ಎದ್ದು ಬರಬೇಡ ಕಣೋ, ಮೆಟ್ಟಿಲಿದೆ. ಕೂತ್ಕೋ.

ಇಲ್ಲಿಗೆ ಬರುವ ಮುಂಚೆ ಮೆತ್ತನೆಯ ಹೊಸ ಕೊಳವೆ ಜೋಡಿಸಿ ಪಂಪು ಚಾಲೂ ಮಾಡಿದ್ದೇನೆ. ದಾಖಲೆ ಪುಸ್ತಕದಲ್ಲಿ ಇವತ್ತಿಗೆ ಒಂದನೆಯ ದಿನ ಎಂದು ಬರೆದಿದ್ದೇನೆ. ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದಿರಿ, ಕೃತಜ್ಞಳಾಗಿದ್ದೇನೆ. ಊಟಕ್ಕೆ ನನ್ನನ್ನು ಕಾಯಬೇಡಿ, ತೊಟ್ಟಿಯ ಹತ್ತಿರ ಯಾರೂ ಇಲ್ಲ. ನಮಸ್ಕಾರ.